ಬೆರಳು ಓದುವ ಇಸ್ಪೀಟು

ಗುಂಡೇರಾವ ಕಾಕಾ ಕೈಗೆ ಕಾಲುಚೀಲ ಹಾಕಿಕೊಂಡು ಇಸ್ಪೀಟು ಹಂಚಿದ್ದನ್ನು ನಾನು ನಿಜವಾಗಿ ಕಂಡೆನೋ, ಆಮೇಲೆ ಮನಸ್ಸಿನಲ್ಲೇ ಕಟ್ಟಿಕೊಂಡೆನೋ, ಹೇಳಲಾರೆ. ಚೀಲ ಬೂದು ಬಣ್ಣದ್ದು. ಇಷ್ಟು ಸ್ಪಷ್ಟವಾಗಿರುವ ನೆನಪಿನ ಮೇಲೆ ನನಗೆ ಅನುಮಾನವೇ ಹೆಚ್ಚು.

ಎಂಬತ್ತರ ದಶಕದ ಕೊನೆ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಾನು ಬ್ರಹ್ಮಪುರದಲ್ಲಿ ಅವರ ಮನೆಯ ಮೇಲಿನ ಕೋಣೆಯಲ್ಲಿದ್ದೆ. ಹುಟ್ಟಿನಿಂದ ಕಣ್ಣಿಲ್ಲದ ಕಾಕಾ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಒಂದು ಕಟ್ಟು ಇಸ್ಪೀಟಿನ ಎಲೆಎಲೆಯ ಮೂಲೆಗೂ ತಾವೇ ಬ್ರೈಲ್ ಚುಕ್ಕಿ ಚುಚ್ಚಿದ್ದರು. ಭಾನುವಾರ ಮಧ್ಯಾಹ್ನ ಅವರು, ಅವರ ಗೆಳೆಯ ವಿಠಲರಾಯರು ಮತ್ತು ನಾನು ರಮ್ಮಿಗೆ ಕೂರುತ್ತಿದ್ದೆವು. ಎಲೆ ಕೆಳಗಿಡುವವರು ಅದರ ಹೆಸರು ಹೇಳಬೇಕು. ಮರೆತರೆ ಕಾಕಾ ಗದರುತ್ತಿದ್ದರು: "ಬಾಯಿ ಬಿಟ್ಟು ಇಡ್ರೋ, ನಾ ಏನ್ ಜ್ಯೋತಿಷಿ ಏನು?" ಕಳಾವರ ರಾಣಿ, ಇಸ್ಪೀಟು ಎಂಟು... ಈಗಲೂ ಮಧ್ಯಾಹ್ನದ ಅರೆನಿದ್ದೆಯಲ್ಲಿ ಆ ಹೆಸರುಗಳು ತೇಲಿಬರುತ್ತವೆ.

ಒಂದು ಭಾನುವಾರ ಸೋತು ಸೋತು ಸಾಕಾದ ವಿಠಲರಾಯರು ಎಲೆ ಎಸೆದರು. "ಗುಂಡ್ಯಾ, ಹಂಚುವಾಗ ನಮ್ಮ ಎಲಿ ಬೆರಳಿಲೇ ಓದ್ತಿ ನೀ!"

ಕಾಕಾ ಕೈಯಲ್ಲಿದ್ದ ಎಲೆಗಳನ್ನು ಮಡಚಿ ಕೆಳಗಿಟ್ಟರು.

"ಖರೆ ಅದ," ಎಂದರು ಕಾಕಾ ಮೆಲ್ಲಗೆ. "ಬ್ಯಾಡಂದ್ರೂ ಓದ್ತಾವ. ನಿನಗ ಕಣ್ಣು ಮುಚ್ಚಾಕ ಬರ್ತದ, ವಿಠ್ಯಾ. ನನಗ ಬೆರಳು ಮುಚ್ಚಾಕ ಬರಂಗಿಲ್ಲ. ಆಟದಾಗಿಂದ ಮಾತ್ರ ನನ್ನ ಬಿಡಿಸಬ್ಯಾಡ್ರಪಾ."

ಮುಂದಿನ ವಾರವೇ ಆ ಕಾಲುಚೀಲ. ಹಂಚಿದ ಎಲೆಗಳು ಮಂಚದ ಕೆಳಗೆಲ್ಲ ಜಾರಿದವು. ವಿಠಲರಾಯರು ಬಗ್ಗಿ ಆರಿಸುತ್ತ, "ಇನ್ನ ಬೂಟೊಂದು ಹಾಕ್ಕೊಂಡ್ಬಿಡು ಸಾಹೇಬಾ," ಎಂದರು. ಮೊದಲು ನಕ್ಕವರು ಕಾಕಾ. ಚೀಲ ಎಳೆದು ತೆಗೆದವರು ವಿಠಲರಾಯರು, ಅಥವಾ ನಾನೇ.

ಎಷ್ಟೋ ವರ್ಷಗಳ ನಂತರ ಕಮಲಾಪುರದಲ್ಲಿ, ಮಗಳ ಮನೆಯಲ್ಲಿದ್ದ ಕಾಕಾನನ್ನು ಕೊನೆಯ ಸಲ ಕಂಡೆ. ಅಂಗಳದ ಬಾಳೆಯ ನೆರಳು ಅವರ ಬಿಳಿ ಅಂಗಿಯ ಮೇಲೆ ನಿಧಾನವಾಗಿ ತೂಗುತ್ತಿತ್ತು. ಸಕ್ಕರೆ ಕಾಯಿಲೆ ಬೆರಳುಗಳನ್ನು ಜೋಮುಗಟ್ಟಿಸಿತ್ತು.

"ಈಗ ಬೆರಳಿಗೂ ಕಣ್ಣಿಲ್ಲಪಾ. ಆದ್ರ ವಿಠ್ಯಾ ಪ್ರತಿ ಐತವಾರ ಬಸ್ಸಿಗೆ ಬರ್ತಾನ. ಮಗಳೂ ಆಟಕ್ಕ ಕೂಡ್ತಾಳ. ನನ್ನ ಎಲಿ ಅವ ನೋಡಿ ಕಿವ್ಯಾಗ ಹೇಳ್ತಾನ."

"ಹಂಗಾದ್ರ ಗೆಲ್ಲೋರು ಅವರೇ ಅಲ್ರಿ, ಕಾಕಾ?"

ಅವರು ನಕ್ಕರೆಂದು ನೆನಪು.

ಕಾಕಾ ತೀರಿಕೊಂಡ ಮೇಲೆ ಅವರ ಮಗಳನ್ನು ಕೇಳಿ ಖಚಿತಪಡಿಸಿಕೊಂಡ ಸಂಗತಿ ಒಂದೇ. ಕಾಕಾನ ಎಲೆಗಳನ್ನೆಲ್ಲ ನೋಡುತ್ತ ಆಡಿದ ಆ ಕೊನೆಯ ಎರಡು ವರ್ಷ ವಿಠಲರಾಯರು ಒಂದು ಆಟವನ್ನೂ ಗೆದ್ದಿರಲಿಲ್ಲ.