ಬೆಳಗಿನ ಏಳು ಗಂಟೆಯ ಗಂಟಲು

ಚರ್ಚಿನಲ್ಲಿ ಬ್ಯಾಂಡ್ ಕಟ್ಟಲು ಹೊರಟ ಹೊಸಬರು ಸ್ಟೀಮಕ್ಕನ ಹತ್ತಿರ ಬಂದರೆ ಅವಳು ಅವರ ಗಿಟಾರನ್ನು ನೋಡುವುದಿಲ್ಲ, ಬೆರಳನ್ನೂ ನೋಡುವುದಿಲ್ಲ. "ನಿಮ್ಮಲ್ಲಿ ಆರಾಧನೆ ಎಷ್ಟು ಗಂಟೆಗೆ?" ಅಂತ ಕೇಳುತ್ತಾಳೆ. ಯಾವ ಕೀಬೋರ್ಡ್ ಒಳ್ಳೆಯದು, ಮೈಕು ಎಷ್ಟು ಬೇಕು ಅಂತ ಪಟ್ಟಿ ಹಿಡಿದು ಬಂದವರು ತಬ್ಬಿಬ್ಬಾಗುತ್ತಾರೆ.

"ಅದೆಲ್ಲ ಆಮೇಲೆ ಕಣ್ರಪ್ಪ. ನನಗೆ ಬ್ಯಾಂಡ್ ನಡೆಸೋದು ಹೇಳಿಕೊಟ್ಟವನಿಗೆ ಸರಿಗಮದಲ್ಲಿ ಸ ಕೂಡ ಬರ್ತಿರಲಿಲ್ಲ. ಅಂಥವನನ್ನು ಕೊಟ್ಟ ದೇವರಿಗೆ ಸ್ತೋತ್ರ," ಅನ್ನುತ್ತಾಳೆ.

ಅವಳು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸದವಳು. ಹತ್ತೊಂಬತ್ತನೇ ವಯಸ್ಸಿಗೆ ಸೇರಿದವಳು, ಇಪ್ಪತ್ತೆರಡು ವರ್ಷ ಒಂದೇ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದಳು. ಒದ್ದೆ ಬೆಡ್‌ಶೀಟನ್ನು ಹಾಸಿ, ಮೇಲಿನ ಹಲಗೆ ಎಳೆದರೆ ಬುಸ್ಸೆಂದು ಹಬೆ ಏಳುತ್ತದೆ. ಆ ಹಬೆಯೇ ಅವಳಿಗೆ ಹೆಸರು ಕೊಟ್ಟಿತು. ಆ ಕೋಣೆಯಲ್ಲಿ ಬಟ್ಟೆ ಒಗೆಯುವ ಆರು ದೊಡ್ಡ ಡ್ರಮ್ಮುಗಳು ಬೆಳಗಿನಿಂದ ಸಂಜೆತನಕ ಗಡಗಡ ತಿರುಗುತ್ತವೆ. ಪಕ್ಕದವಳಿಗೆ "ನೀರು ಕೊಡೇ" ಅನ್ನಬೇಕಾದರೂ ಕಿರುಚಲೇಬೇಕು. ಅಲ್ಲಿ ಕೆಲಸ ಮಾಡಿದ ಹೆಂಗಸರು ಮನೆಯಲ್ಲಿ ಪ್ರೀತಿಯಿಂದ ಮಾತಾಡಿದರೂ ಬೀದಿಯವರು ಜಗಳ ಹತ್ತಿಕೊಂಡಿತು ಅಂದುಕೊಳ್ಳುತ್ತಾರೆ.

ಗಿಟಾರು ಬಂದದ್ದು ಅವಳ ಭಾವನಿಂದ. ಆತ ಮದುವೆಗೆ ಮುಂಚೆ ಸ್ಟೀಮಕ್ಕನ ಅಕ್ಕನನ್ನು ಮೆಚ್ಚಿಸಲು ಅದನ್ನು ಕೊಂಡಿದ್ದ. ಅಕ್ಕ ಗಿಟಾರು ಕೇಳುವ ಮೊದಲೇ ಒಪ್ಪಿಬಿಟ್ಟದ್ದರಿಂದ ಕಲಿಯುವ ಗೋಜಿಗೆ ಹೋಗಲಿಲ್ಲ. ಮನೆ ಸುಣ್ಣಬಣ್ಣಕ್ಕೆ ಅಟ್ಟ ಖಾಲಿ ಮಾಡುವಾಗ "ತಗೊಂಡ್ ಹೋಗಮ್ಮ, ಇದನ್ನ ನೋಡಿದ್ರೆ ನಿಮ್ಮಕ್ಕ ನಗ್ತಾಳೆ" ಅಂತ ಕೊಟ್ಟ. ಹೊಸಬರಿಗೆ ತಂತಿ ಒತ್ತಿ ಒತ್ತಿ ಬೆರಳು ಉರಿಯುತ್ತದೆ, ಅರ್ಧ ಜನ ಅಲ್ಲಿಗೇ ಬಿಡುತ್ತಾರೆ. ಸ್ಟೀಮಕ್ಕನ ಬೆರಳ ತುದಿಗಳು ಬಿಸಿ ಬಟ್ಟೆ ಹಿಡಿದು ಹಿಡಿದು ಚಪ್ಪಲಿ ಅಟ್ಟೆಯ ಹಾಗಾಗಿದ್ದವು. ಒಂದು ದಿನವೂ ಉರಿಯಲಿಲ್ಲ. ಎರಡು ವರ್ಷದಲ್ಲಿ ನಾಲ್ಕು ಕಾರ್ಡು, ಅಂದರೆ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ನಾಲ್ಕು ಬಗೆ, ಕಲಿತಳು. ಆ ನಾಲ್ಕರಲ್ಲೇ ಮುಕ್ಕಾಲು ಪಾಲು ಕೀರ್ತನೆಗಳು ಮುಗಿಯುತ್ತವೆ ಅಂತ ಗೊತ್ತಾದ ದಿನ ಕುಣಿದುಬಿಟ್ಟಳು.

ಅವಳ ಚರ್ಚಿನಲ್ಲಿ ಆಗ ಹಾಡು ಅನಾಥವಾಗಿತ್ತು. ಆರ್ಗನ್ ನುಡಿಸುತ್ತಿದ್ದ ಹಿರಿಯರು ತೀರಿಕೊಂಡ ಮೇಲೆ ಯಾರೋ ಪೆನ್‌ಡ್ರೈವಿನಲ್ಲಿ ಹಾಡು ತುಂಬಿಸಿ ತಂದಿದ್ದರು. ಸ್ಪೀಕರು ಹಾಡುತ್ತಿತ್ತು, ಜನ ಪುಸ್ತಕ ಹಿಡಿದು ನಿಲ್ಲುತ್ತಿದ್ದರು. ಸ್ಟೀಮಕ್ಕ ಚರ್ಚಿನ ಪಾದ್ರಿ ಅಯ್ಯನವರ ಬಳಿ ಹೋಗಿ, "ನಾವು ಮೂವರು ಇದ್ದೀವಿ, ನುಡಿಸ್ತೀವಿ" ಅಂದಳು. ಸಭೆಯ ಹಿರಿಯರು ಕೂತು ಗಡ್ಡ ಕೆರೆದುಕೊಂಡು ಯೋಚಿಸಿ ಮೂರು ಭಾನುವಾರ ಕೊಟ್ಟರು. "ಜನ ಹಾಡಬೇಕು. ಹಾಡದಿದ್ದರೆ ಸ್ಪೀಕರೇ ಸಾಕು," ಅಂದರು. ಮಾತು ಒರಟಾದರೂ ನ್ಯಾಯವಾಗಿತ್ತು.

ಮೂವರಲ್ಲಿ ಎರಡನೆಯವಳು ಅವಳ ನಾದಿನಿ. ಶಾಲೆಯಲ್ಲಿ ಲೆಕ್ಕದ ಟೀಚರು, ಕೀಬೋರ್ಡಿನ ಮೇಲೂ ಲೆಕ್ಕ ಮಾಡಿಯೇ ಬೆರಳಿಡುವವಳು. ಮೂರನೆಯವನು ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರು, ಎಲ್ಲರ ಬಾಯಲ್ಲೂ ಸೈರನ್. ಔಷಧಿ ಸಾಮಾನು ಬರುವ ಮರದ ಪೆಟ್ಟಿಗೆಯೊಂದನ್ನು ಉಜ್ಜಿ ನಯ ಮಾಡಿ, ಅದರ ಮೇಲೇ ಕೂತು ಎರಡೂ ಕೈಯಲ್ಲಿ ಬಡಿಯುತ್ತಿದ್ದ. ಬಡಿತ ಚೆನ್ನಾಗಿತ್ತು. ಆದರೆ ರಸ್ತೆಯ ಚಾಳಿ ಕೈಗೂ ಬಂದಿತ್ತು.

ಮೊದಲ ಭಾನುವಾರ ಸೈರನ್ ಮೊದಲ ಚರಣದಲ್ಲಿ ನಡೆದ, ಎರಡನೆಯದರಲ್ಲಿ ಓಡಿದ, ಮೂರನೆಯದರಲ್ಲಿ ಸಿಗ್ನಲ್ ಹಾರಿದ. ಅವನ ಹಿಂದೆ ಉಳಿದಿಬ್ಬರೂ ಬಿದ್ದೆವೋ ಎದ್ದೆವೋ ಅಂತ ಓಡಿದರು. ಬ್ಯಾಂಡು ಹಾಡು ಮುಗಿಸಿ ಕೈ ಒರೆಸಿಕೊಳ್ಳುವಾಗ ಸಭೆಯ ಕಣ್ಣು ಇನ್ನೂ ಪುಸ್ತಕದ ಮೂರನೇ ಚರಣದ ಎರಡನೇ ಸಾಲಿನಲ್ಲಿತ್ತು. ಮುಂದಿನ ಬೆಂಚಿನ ಮುದುಕರೊಬ್ಬರು ಪುಸ್ತಕ ಮುಚ್ಚಿ, "ಪೇಷೆಂಟು ಉಳಿದ್ನಾ?" ಅಂತ ಕೇಳಿದರು. ಇಡೀ ಬೆಂಚು ನಕ್ಕಿತು.

ಹೊರಗೆ ಬಂದಾಗ ಗಂಟೆಯಣ್ಣ ಸೈರನ್ನನ್ನು ತಡೆದ. ಗಂಟೆಯಣ್ಣ ಚರ್ಚಿನ ಗಂಟೆ ಎಳೆಯುವವನು, ಕಸ ಹೊಡೆಯುವವನು, ಬೆಂಚು ಒರೆಸುವವನು. ಅದಕ್ಕೂ ಮೊದಲು ನೂಲಿನ ಮಿಲ್ಲಿನಲ್ಲಿದ್ದ. ಮಿಲ್ಲು ಮುಚ್ಚುವ ಮುಂಚಿನ ಮುಷ್ಕರದಲ್ಲಿ ಗೇಟಿನ ಮುಂದೆ ನಿಂತು ಘೋಷಣೆ ಕೂಗುತ್ತಿದ್ದವನು ಅವನೇ. "ಲೋ, ನಿನ್ನ ಗಾಡೀಲಿ ಸೊಂಟ ಮುರಿದೋನನ್ನ ಮಲಗಿಸಿದ್ರೆ ಹೇಗೆ ಓಡಿಸ್ತೀಯ?"

"ನಿಧಾನಕ್ಕೆ ಅಣ್ಣ. ಹಂಪು ಬಂದ್ರೆ ಉಸಿರು ಬಿಗಿಹಿಡಿದು."

"ಹಂಗೆ ಬಡಿ. ಸಭೆಯಲ್ಲಿ ಎಲ್ಲರದ್ದೂ ಸೊಂಟ ಮುರಿದಿದೆ ಅಂದ್ಕೋ."

ಅಷ್ಟೇ. ಆ ಒಂದು ಮಾತಿಗೆ ಸೈರನ್ ದಾರಿಗೆ ಬಂದ. ವಾರಪೂರ್ತಿ ಸಂಜೆ ಸಂಜೆ ನಾದಿನಿಯ ಮನೆಯ ನಡುಮನೆಯಲ್ಲಿ ಅಭ್ಯಾಸ ಮಾಡಿದರು. ಎರಡನೇ ಭಾನುವಾರ ಒಂದು ಬೆರಳೂ ತಪ್ಪಲಿಲ್ಲ. ಸ್ಟೀಮಕ್ಕನ ದನಿ ಸೂರಿಗೆ ಹೋಗಿ ತಾಗಿ ಅಲ್ಲೇ ನಿಂತಿತು. ಜನ ಪುಸ್ತಕ ಹಿಡಿದು, ಬಾಯಿ ಬಿಟ್ಟು ಕೇಳಿದರು. ಆರಾಧನೆ ಮುಗಿದ ಮೇಲೆ ಸುತ್ತುವರಿದರು. "ಥೇಟ್ ರೇಡಿಯೋ ಕಣೇ!" "ಇಷ್ಟು ದಿನ ಈ ಗಂಟಲನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಅಕ್ಕ ಕಣ್ಣೊರೆಸಿಕೊಂಡಳು. ಭಾವ "ಗಿಟಾರು ನಂದೇ" ಅಂತ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ಇಪ್ಪತ್ತೆರಡು ವರ್ಷ ಯಂತ್ರದ ಗದ್ದಲಕ್ಕೆ ಕಿರುಚಿದ ಹೆಂಗಸನ್ನು ಮೊದಲ ಸಲ ಇನ್ನೂರು ಜನ ಸುಮ್ಮನೆ ನಿಂತು ಕೇಳಿದ್ದರು. ಅವಳ ಕಾಲು ನೆಲದ ಮೇಲಿರಲಿಲ್ಲ.

ಗಂಟೆಯಣ್ಣ ಬೆಂಚುಗಳ ನಡುವೆ ಪೊರಕೆ ಆಡಿಸುತ್ತಿದ್ದ. ಅವಳೇ ಹೋಗಿ ನಿಂತಳು. ಹೊಗಳಿಕೆ ಇನ್ನೊಂದು ತುತ್ತು ಬೇಕಿತ್ತು.

"ಹೇಗಿತ್ತಣ್ಣ?"

"ಚೆನ್ನಾಗಿತ್ತವ್ವ. ಯಾರೂ ಹಾಡಲಿಲ್ಲ."

"ಕೇಳ್ತಿದ್ರಲ್ಲ!"

"ಹೌದು, ಕೇಳ್ತಿದ್ರು. ನಾನು ಹಿಂದಿನ ಬಾಗಿಲಲ್ಲಿ ನಿಲ್ಲೋನು. ನಿಮಗೆ ಅವರ ಮುಖ ಕಾಣುತ್ತೆ, ನನಗೆ ಬೆನ್ನು ಕಾಣುತ್ತೆ. ಹಾಡೋರ ಬೆನ್ನು ಬೇರೆ ಥರ ಇರುತ್ತೆ, ಉಸಿರಿಗೆ ಏಳುತ್ತೆ, ಇಳಿಯುತ್ತೆ. ಇವತ್ತು ಒಂದು ಬೆನ್ನೂ ಅಲ್ಲಾಡಲಿಲ್ಲ. ಮೊದಲ ಸಾಲಿಗೆ ಬಾಯಿ ತೆಗೆದ್ರು, ನಿನ್ನ ದನಿ ಹಾರಿದ ಕಡೆ ಹಾರೋಕೆ ನೋಡಿದ್ರು, ಆಗಲಿಲ್ಲ, ಬಾಯಿ ಮುಚ್ಕೊಂಡ್ರು."

ಸ್ಟೀಮಕ್ಕನಿಗೆ ಮೈಯೆಲ್ಲ ಉರಿಯಿತು. "ನನ್ನ ಗಂಟಲು ಇರೋದೇ ಹಾಗೆ. ಏನ್ ಮಾಡ್ಲಿ, ಕೊಯ್ದು ಕೊಡ್ಲಾ?"

"ಕೊಯ್ಯೋದು ಯಾಕೆ? ಎದ್ದ ತಕ್ಷಣ, ಬಾಯಿ ತೊಳೆಯೋ ಮೊದಲು, ಒಂದು ಸಾಲು ಹಾಡು. ತಳ್ಳಬೇಡ, ಎಳೀಬೇಡ. ಅದು ಎಲ್ಲಿ ನಿಲ್ಲುತ್ತೋ ಅದೇ ಸಭೆಯ ಗಂಟಲು. ನೀವು ಸಂಜೆ ಅಭ್ಯಾಸ ಮಾಡ್ತೀರಿ, ಹತ್ತು ತಾಸು ಕಿರುಚಿ ಕಾದ ಗಂಟಲಲ್ಲಿ. ಇಲ್ಲಿ ಜನ ಬರೋದು ಬೆಳಿಗ್ಗೆ ಏಳಕ್ಕೆ. ಅರ್ಧ ಜನ ಹಾಸಿಗೆಯಿಂದ ಎದ್ದು, ಇನ್ನರ್ಧ ಆಸ್ಪತ್ರೆಯ ಪಾಳಿ ಮುಗಿಸಿ. ಗಂಟಲು ಇನ್ನೂ ಒದ್ದೆ ಗೋಣಿಚೀಲ." ಪೊರಕೆಯನ್ನು ಗೋಡೆಗೆ ಒರಗಿಸಿದ. "ಮಿಲ್ಲಿನ ಗೇಟಲ್ಲಿ ನಾನೂ ಈ ತಪ್ಪು ಮಾಡಿದೀನಿ. ಮೊದಲ ದಿನ ಜೋರಾಗಿ, ಎತ್ತರಕ್ಕೆ, ಗಂಟಲು ಹರಿಯೋ ಹಾಗೆ ಕೂಗಿದೆ. ಎಂಟುನೂರು ಜನ ನನ್ನನ್ನೇ ನೋಡ್ತಾ ನಿಂತುಬಿಟ್ಟರು, ಪ್ರತಿಯಾಗಿ ಒಬ್ಬನೂ ಕೂಗಲಿಲ್ಲ. ಒಳಗೆ ಮಾಲೀಕ ಆರಾಮಾಗಿ ಕೂತಿದ್ದ. ಮಾರನೇ ದಿನ ಅರ್ಧ ಕೂಗಿ ಬಿಟ್ಟೆ. ಉಳಿದರ್ಧ ಅವರು ಕೂಗಿದ್ರು. ಆಗ ಮಾಲೀಕ ಕಿಟಕಿ ತೆಗೆದು ನೋಡಿದ."

ಮನೆಗೆ ಹೋಗಿ ಅವಳು ಗಿಟಾರು ತೆಗೆದಳು. ಅವಳ ಗಿಟಾರಿನ ಕತ್ತಿಗೆ ಒಂದು ಕ್ಲಿಪ್ಪು ಕಚ್ಚಿಕೊಂಡಿರುತ್ತಿತ್ತು, ಕ್ಯಾಪೊ ಅನ್ನುತ್ತಾರೆ. ಅದನ್ನು ಗಿಟಾರಿನ ಹೊಟ್ಟೆಯ ಕಡೆ ಸರಿಸಿದಷ್ಟೂ ಶ್ರುತಿ ಏರುತ್ತದೆ, ಬೆರಳಿಗೆ ಮಾತ್ರ ಅದೇ ನಾಲ್ಕು ಕಾರ್ಡು ಸಾಕು. ತನ್ನ ದನಿಗೆ ಹೊಂದಲಿ ಅಂತ ಅವಳು ಅದನ್ನು ಕತ್ತಿನ ಮೇಲಿನ ನಾಲ್ಕನೇ ಲೋಹದ ಪಟ್ಟಿಗೆ ಹಾಕಿ ಮರೆತೇಬಿಟ್ಟಿದ್ದಳು. ಮಾರನೇ ಬೆಳಿಗ್ಗೆ ಎದ್ದವಳೇ ಹಾಡಿ ನೋಡಿದಳು. ದನಿ ಕ್ಲಿಪ್ಪು ತೆಗೆದ ಬರಿ ತಂತಿಯ ಮಟ್ಟಕ್ಕೆ ಹೋಗಿ ಕುಕ್ಕರಿಸಿತು. ಆದರೆ ಅಷ್ಟು ಕೆಳಗೆ ಅವಳ ಸ್ವರ ಸ್ವರವೇ ಅಲ್ಲ, ಖಾಲಿ ಕೊಡದೊಳಗೆ ಮಾತಾಡಿದ ಹಾಗೆ.

"ಅತ್ತಿಗೆ, ನೀವು ಹಾಡ್ತಿರೋದು ಕೇಳಿಸ್ತಾನೇ ಇಲ್ಲ," ಅಂದಳು ನಾದಿನಿ, ಸಂಜೆಯ ಅಭ್ಯಾಸದಲ್ಲಿ.

"ಅದೇ ತಾನೇ ಆ ಗಂಟೆಯಣ್ಣನ ಆಸೆ!" ಅಂತ ಸಿಡುಕಿ ಕ್ಲಿಪ್ಪನ್ನು ಮತ್ತೆ ನಾಲ್ಕಕ್ಕೇ ಹಾಕಿದಳು. "ಜನ್ಮದಲ್ಲಿ ಒಂದು ಸಲ ಯಾರೋ ನನ್ನ ದನಿ ಕೇಳಿದ್ರು. ಅದನ್ನೂ ಬಿಟ್ಟುಕೊಡಬೇಕಂತೆ. ಯಾಕೆ ಬಿಡ್ಲಿ?"

ನಾದಿನಿ ಕೀಬೋರ್ಡನ್ನು ಮತ್ತೆ ಹಳೆಯ ಶ್ರುತಿಗೆ ತಿರುಗಿಸಿದಳು. ಗುರುವಾರದ ತನಕ ಕ್ಲಿಪ್ಪು ನಾಲ್ಕರಲ್ಲೇ ಇತ್ತು.

ಶುಕ್ರವಾರ ಮಧ್ಯಾಹ್ನ ಲಾಂಡ್ರಿಯ ಬಾಯ್ಲರಿನ ವಾಲ್ವು ಕೆಟ್ಟಿತು. ಮೆಕ್ಯಾನಿಕ್ಕು ಬಂದು ಮುಖ್ಯ ಸ್ವಿಚ್ಚು ಆರಿಸಿದ. ಆರು ಡ್ರಮ್ಮುಗಳೂ ನರಳಿ ನಿಂತವು. ಅದೇ ಗಳಿಗೆಗೆ ಸ್ಟೀಮಕ್ಕ ಆಚೆ ತುದಿಯ ಗೆಳತಿಗೆ ಕಿರುಚುತ್ತಿದ್ದಳು: "ಲೇ, ಹೆರಿಗೆ ವಾರ್ಡಿನ ಚಡ್ಡಿ ಎಲ್ಲಿ ಇಟ್ಯೇ?" ಸದ್ದಡಗಿದ ಕಟ್ಟಡದಲ್ಲಿ ಆ ಮಾತು ಮೂರು ಮಹಡಿ ಏರಿತು. ಮೇಲೆ ಕಿಟಕಿಗಳು ತೆರೆದವು, ಡಾಕ್ಟರೊಬ್ಬರು ಬಗ್ಗಿ ನೋಡಿದರು. ಹೆಂಗಸರೆಲ್ಲ ಬಟ್ಟೆ ಮೂಟೆಗಳ ಮೇಲೆ ಬಿದ್ದು ನಕ್ಕರು. ಅವಳೂ ನಕ್ಕಳು, ನಕ್ಕು ಹೊಟ್ಟೆ ಹಿಡಿದುಕೊಂಡಳು.

ನಗು ಇಳಿದ ಮೇಲೆ ಮಾಡಲು ಕೆಲಸವಿರಲಿಲ್ಲ. ಎಲ್ಲರೂ ಮೂಟೆಗಳಿಗೆ ಒರಗಿ ಕೂತರು, ತೀರ ಮೆಲ್ಲಗೆ ಮಾತಾಡತೊಡಗಿದರು. ಇಪ್ಪತ್ತು ವರ್ಷ ಪಕ್ಕದಲ್ಲಿ ದುಡಿದವರ ನಿಜವಾದ ದನಿ ಹೀಗಿರುತ್ತದೆ ಅಂತ ಸ್ಟೀಮಕ್ಕನಿಗೆ ಗೊತ್ತೇ ಇರಲಿಲ್ಲ. ಕಲೆ ಉಜ್ಜುವ ತೊಟ್ಟಿಯ ಹೆಂಗಸು, ಚರ್ಚಿನಲ್ಲಿ ಮೂರನೇ ಬೆಂಚಿನವಳು, ಕಾಲು ಚಾಚಿಕೊಂಡು ಒಂದು ಕೀರ್ತನೆ ಗುನುಗಿದಳು. ಎಷ್ಟು ಕೆಳಗೆ ಅಂದರೆ ಎದೆಯೊಳಗೇ. ಇನ್ನೊಬ್ಬಳು ಸೇರಿದಳು, ಮತ್ತೊಬ್ಬಳು. ಚರ್ಚಿನ ಕಡೆ ತಲೆ ಹಾಕದವಳೂ ರಾಗಕ್ಕೆ ಹೂಂಗುಟ್ಟಿದಳು.

"ಭಾನುವಾರ ಯಾಕೆ ಹಾಡಲ್ಲ ನೀನು?" ಸ್ಟೀಮಕ್ಕ ಕೇಳಿದಳು.

"ನಿನ್ನ ಜೊತೆನಾ? ನಿನ್ನ ಎತ್ತರಕ್ಕೆ ನಾನು ಏಣಿ ಹಾಕ್ಕೋಬೇಕು. ನೀನೇ ಹಾಡು ತಾಯಿ, ನಿನ್ನದು ಚೆನ್ನಾಗಿದೆ."

ಕುಹಕ ಇರಲಿಲ್ಲ, ಮನಸಾರೆ ಹೇಳಿದ್ದಳು. ಅದೇ ಚುಚ್ಚಿತು. ಸ್ಟೀಮಕ್ಕ ಅವಳ ಜೊತೆ ಹಾಡಿಗೆ ಸೇರಲು ಬಾಯಿ ತೆಗೆದಳು, ಅಷ್ಟು ಕೆಳಗೆ ಇಳಿಯಲು ಪರದಾಡಿದಳು. ಬೇರೆಯವರ ಶ್ರುತಿಗೆ ಹೊರಗಾಗುವುದು ಹೇಗಿರುತ್ತದೆ ಅಂತ ಆಗ ಗೊತ್ತಾಯಿತು. ಇನ್ನೂರು ಜನರನ್ನು ಅವಳು ಹೀಗೇ ಹೊರಗಿಟ್ಟಿದ್ದಳು, ಅದೂ ಅವರದೇ ಮನೆಯಲ್ಲಿ.

ಶನಿವಾರ ಬೆಳಗಿನ ಐದೂವರೆಗೆ ನಾದಿನಿಯನ್ನೂ ಸೈರನ್ನನ್ನೂ ಎಬ್ಬಿಸಿ ಲಾಂಡ್ರಿಯ ಬಟ್ಟೆ ಮಡಚುವ ಕೋಣೆಗೆ ಕರೆತಂದಳು. "ಬಾಯಿ ತೊಳೀಬೇಡಿ ಅಂದಿದ್ದೆ, ತೊಳೆದಿಲ್ಲ ತಾನೇ?"

"ಅಕ್ಕ, ಅದು ನಿಮಗೇ ಕಷ್ಟ," ಅಂತ ಸೈರನ್ ದೂರ ಸರಿದು ಕೂತ. ಬೀರುಗಳ ನಡುವೆ ಮೂವರೂ ಕಪ್ಪೆಗಳ ಹಾಗೆ ವಟಗುಟ್ಟಿದರು. ಕ್ಲಿಪ್ಪು ಕಿಟಕಿಯ ಮೇಲಿತ್ತು.

ಮೂರನೇ ಭಾನುವಾರ ಅವಳು ಮೊದಲ ಸಾಲನ್ನು ಬರಿ ತಂತಿಯ ಶ್ರುತಿಯಲ್ಲಿ ಹಾಡಿದಳು. ದನಿ ಹೊಳೆಯಲಿಲ್ಲ, ಸಾಮಾನ್ಯ ಹೆಂಗಸೊಬ್ಬಳು ಪಾತ್ರೆ ತೊಳೆಯುತ್ತ ಹಾಡಿದ ಹಾಗಿತ್ತು. ಎರಡನೇ ಸಾಲಿಗೆ ಅರ್ಧದಲ್ಲೇ ನಿಲ್ಲಿಸಿ ಗಿಟಾರನ್ನಷ್ಟೇ ನುಡಿಸಿದಳು. ಸೈರನ್ ಗಾಬರಿಯಾಗಿ ಅವಳ ಕಡೆ ನೋಡಿದ. ಆಮೇಲೆ ಮೂರನೇ ಬೆಂಚಿನಿಂದ ತೊಟ್ಟಿಯ ಹೆಂಗಸು ಉಳಿದರ್ಧವನ್ನು ಎತ್ತಿಕೊಂಡಳು. ಪಾಳಿ ಮುಗಿಸಿ ನೇರ ಬಂದಿದ್ದ ವಾರ್ಡಿನವರು ಸೇರಿದರು. ಗೇಟಿನ ಕಾವಲುಗಾರ, ಎಮ್ಮೆ ಗಂಟಲಿನವನು, ರಾಗ ಬಿಟ್ಟು ಒಂದು ಗಾವುದ ಆಚೆಗೆ ಹಾಡಿದ, ಆದರೆ ಹಾಡಿದ. ಮುಂದಿನ ಬೆಂಚಿನ ಮುದುಕರು ಪುಸ್ತಕ ಮುಚ್ಚಿ ಕಣ್ಣು ಮುಚ್ಚಿದರು, ಬಾಯಿ ಮುಚ್ಚಲಿಲ್ಲ.

ಕೊನೆಯ ಚರಣದಲ್ಲಿ ಸ್ಟೀಮಕ್ಕನಿಗೆ ತನ್ನ ದನಿಯೇ ಕೇಳಿಸಲಿಲ್ಲ. ಮೈಕು ಕೆಟ್ಟಿತು ಅಂದುಕೊಂಡು ಬಗ್ಗಿ ವೈರು ನೋಡಿದಳು. ಸರಿಯಾಗಿಯೇ ಇತ್ತು. ಜನ ಅವಳನ್ನು ಮುಳುಗಿಸಿದ್ದರು. ಹಿಂದಿನ ಬಾಗಿಲಲ್ಲಿ ಗಂಟೆಯಣ್ಣ ಗೋಡೆಗೆ ಒರಗಿ ನಿಂತಿದ್ದ, ಅವಳ ಕಡೆ ನೋಡುತ್ತಲೂ ಇರಲಿಲ್ಲ, ಬೆನ್ನುಗಳನ್ನು ನೋಡುತ್ತಿದ್ದ.

ಆರಾಧನೆ ಮುಗಿದ ಮೇಲೆ ಹಿರಿಯರು ಸಭೆ ಸೇರಲಿಲ್ಲ, ತೀರ್ಪೂ ಹೇಳಲಿಲ್ಲ. ಅಯ್ಯನವರು ಚಪ್ಪಲಿ ಹುಡುಕುತ್ತ, "ಮುಂದಿನ ವಾರ ಯಾವ ಹಾಡಮ್ಮ? ಶುಕ್ರವಾರವೇ ತಿಳಿಸು," ಅಂದರು. ಅಷ್ಟರಲ್ಲಿ ಎಲ್ಲ ಬಂತು.

ಅಂಗಳದಲ್ಲಿ ಯಾರೂ ಅವಳನ್ನು ಸುತ್ತುವರಿಯಲಿಲ್ಲ. ರೇಡಿಯೋ ಅನ್ನಲಿಲ್ಲ, ಗಂಟಲು ಅನ್ನಲಿಲ್ಲ. ಎಲ್ಲರೂ ತಮ್ಮ ತಮ್ಮ ಹಾಡಿನದೇ ಮಾತಾಡುತ್ತಿದ್ದರು. ಅವಳಿಗೆ ಸ್ವಲ್ಪ ಕೆಡುಕೆನಿಸಿತು. ಅನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಗ ತೊಟ್ಟಿಯ ಹೆಂಗಸು ಜನರನ್ನು ನೂಕಿಕೊಂಡು ಬಂದಳು, ಮುಖವೆಲ್ಲ ಬೆವರು.

"ಲೇ, ಇವತ್ತು ನಾನು ಹಾಡಿದ್ದು ಅಲ್ಲಿತನಕ ಕೇಳಿಸ್ತಾ?"

"ಕೇಳಿಸ್ತು ಕಣೇ," ಅಂದಳು ಸ್ಟೀಮಕ್ಕ. ಲಾಂಡ್ರಿಯ ಆಚೆ ಅವಳ ಜೊತೆ ಕಿರುಚದೆ ಮಾತಾಡಿದ್ದು ಇದೇ ಮೊದಲು. "ನಿಂದೇ ಕೇಳಿಸ್ತು."