ಐಸಿಗೆ ಹಾಕದ ತುಂಡು

ನಾರಾಯಣಪ್ಪನವರೇ, ನಾನು ನಿಮಗೆ ಸುಳ್ಳು ಹೇಳಿದೆ. ಒಂದು ಸಲವಲ್ಲ — ನೀವು ಚೆಕಪ್ಪಿಗೆ ಬಂದಾಗಲೆಲ್ಲ ಹೇಳಿದೆ. ನಿಮ್ಮ ಮೂತ್ರಕೋಶದಿಂದ ತೆಗೆದ ಗಡ್ಡೆಯ ತುಂಡು ನಮ್ಮ ಸಂಶೋಧನೆಯ ಕೆಲಸಕ್ಕೆ ಬರಲಿಲ್ಲ. ಅದನ್ನು ಹಾಳು ಮಾಡಿದವಳು ನಾನೇ.

ಆಪರೇಷನ್ನಿಗೆ ಮೊದಲು, ಆ ತುಂಡು ಕೊಡುತ್ತೀರಾ ಎಂದು ಕೇಳಲು ವಾರ್ಡಿಗೆ ಬಂದವಳೂ ನಾನೇ. ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ನೋಡಿ, ಕ್ಯಾನ್ಸರ್ ಯಾರಿಗೆ ಮರುಕಳಿಸುತ್ತದೆ ಎಂಬ ಗುರುತು ಹುಡುಕುತ್ತಿದ್ದೇವೆ. ಸಿಕ್ಕರೆ ಮುಂದೆ ಎಷ್ಟೋ ಜನಕ್ಕೆ ಪದೇ ಪದೇ ಮೂತ್ರನಾಳದೊಳಗೆ ಪೈಪು ಹಾಕಿ ನೋಡುವುದು ತಪ್ಪೀತು ಎಂದಿದ್ದೆ. ಪೈಪು ಎಂದ ಕೂಡಲೇ ನೀವು ಮುಖ ಸಿಂಡರಿಸಿದಿರಿ.

"ಆ ನರಕ ಇನ್ನೊಬ್ರಿಗೆ ಬೇಡ. ತಗೊಳ್ಳಮ್ಮಾ" ಎಂದಿರಿ. ಜೊತೆಗೆ ಶ್ರೀನಿವಾಸಪುರದ ನಿಮ್ಮ ಮಂಡಿಯಿಂದ ಒಂದು ಬುಟ್ಟಿ ಬಾದಾಮಿ ಮಾವನ್ನು ಕೋಲಾರದ ನಮ್ಮ ಲ್ಯಾಬಿಗೆ ತರಿಸಿಕೊಟ್ಟಿರಿ.

ತುಂಡು ಬಂದ ತಕ್ಷಣ ಐಸಿಗೆ ಹಾಕಬೇಕು. ತಡವಾದರೆ ಕೆಲವು ಜೀನ್‌ಗಳ ಸುಳಿವು ಅಳಿಸಿಹೋಗುತ್ತದೆ, ಕೆಲವು ಸುಮ್ಮನೆ ಚುರುಕಾದಂತೆ ಕಾಣುತ್ತವೆ. ಗೊತ್ತಿತ್ತು — ಬೇರೆಯವರಿಗೆ ಪಾಠ ಹೇಳುವಷ್ಟು ಗೊತ್ತಿತ್ತು. ಅಂದು ನಿಮ್ಮ ತುಂಡಿದ್ದ ಡಬ್ಬಿ ಬಂದಾಗ ನಾವು ಪಕ್ಕದ ಕೋಣೆಯಲ್ಲಿ ನಿಮ್ಮ ಹಣ್ಣನ್ನೇ ತಿನ್ನುತ್ತಿದ್ದೆವು. ನನ್ನ ಮೊಣಕೈವರೆಗೂ ರಸ ಇಳಿದಿತ್ತು. ಇದೊಂದು ಮುಗಿಸಿ ಕೈ ತೊಳೆಯೋಣ ಎಂದುಕೊಂಡೆ. ಬಾದಾಮಿಯನ್ನು ಒಂದಕ್ಕೇ ನಿಲ್ಲಿಸಿದವರುಂಟೇ? ಹರಟೆ, ನಗು... ಎದ್ದು ಬಂದಾಗ ಕಿಟಕಿಯ ಬಿಸಿಲು ಡಬ್ಬಿಯ ಮೇಲೆ ಬಿದ್ದಿತ್ತು.

"ತಕ್ಷಣ ಐಸಲ್ಲಿ ಇಟ್ಯಾಮ್ಮಾ?" ನಮ್ಮ ಡಾಕ್ಟರು ಕೇಳಿದರು.

"ಇಟ್ಟೆ ಸಾರ್."

ನಿಮ್ಮ ಫಲಿತಾಂಶ ಉಳಿದವರದಕ್ಕಿಂತ ಬೇರೆಯಾಗಿ ಬಂತು. ಡಾಕ್ಟರು ಅದನ್ನು ನಿಮ್ಮ ಗಡ್ಡೆಯ ಗುಣವೆಂದೇ ನಂಬಿ ಲೆಕ್ಕಕ್ಕೆ ಸೇರಿಸಿದರು. ನಾನು ಬಾಯಿ ಬಿಡಲಿಲ್ಲ. ಹೆದರಿದೆ ಎಂದರೆ ಅರ್ಧ ನಿಜ — "ನಮ್ ತುಂಡು ಕೆಲ್ಸಕ್ಕೆ ಬಂತಾಮ್ಮಾ?" ಎಂದು ನೀವು ಕೇಳುವುದು, ಹೂಂ ಎಂದಾಗ ನಿಮ್ಮ ಮುಖ ಅರಳುವುದು, ಅದು ನನಗೆ ಹಿತವಾಗಿತ್ತು. ನಾಚಿಕೆಯಾಗುತ್ತದೆ.

ಹೋದ ವಾರ ಗಡ್ಡೆ ಮತ್ತೆ ಕಾಣಿಸಿದೆ ಎಂದು ನಿಮಗೆ ಹೇಳಿದರು. ಹೊರಗೆ ಬಂದವರು ನನ್ನನ್ನೇ ಸಮಾಧಾನ ಮಾಡಿದಿರಿ: "ಹೋಗ್ಲಿ ಬಿಡಮ್ಮಾ, ಆವತ್ತಿನ ತುಂಡಾದ್ರೂ ನಾಕು ಜನಕ್ಕೆ ಆಯ್ತಲ್ಲ."

ಇವತ್ತು ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ನಿಮ್ಮ ತುಂಡನ್ನು ಬಿಟ್ಟು ಮತ್ತೆ ಲೆಕ್ಕ ಹಾಕುತ್ತಾರೆ. ನಾಳೆ ಶ್ರೀನಿವಾಸಪುರದ ಬಸ್ಸು ಹತ್ತುತ್ತೇನೆ. ನೀವು ಖಂಡಿತ ಹಣ್ಣು ಹೆಚ್ಚಿ ಮುಂದಿಡುತ್ತೀರಿ. ಅದನ್ನು ಮುಟ್ಟುವ ಮೊದಲೇ ಇದನ್ನೆಲ್ಲ ಹೇಳಬೇಕು.