ಉಗಿಯಣ್ಣನ ಸುಮ್ಮನಿರದ ಕೈ

ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿದ್ದಾಗಲೂ ಅವನು ಒಂದು ಪಾಠ ಮುಗಿಯುವವರೆಗೆ ಬೆಂಚಿನ ಮೇಲೆ ಕುಳಿತವನಲ್ಲ. ಕಿಟಕಿಯ ಚಿಲಕ ಹಾಕುವನು, ತೆಗೆಯುವನು. ಯಾರೂ ಹೇಳದೆಯೇ ಎದ್ದು ಬೋರ್ಡು ಒರೆಸುವನು. ಅಂಥವನಿಗೆ ಒಪ್ಪುವ ಕೆಲಸವೇ ಸಿಕ್ಕಿತು: ಊರಂಚಿನ ಪೆಕ್ಟಿನ್ ಕಾರ್ಖಾನೆಯಲ್ಲಿ ಉಗಿಯ ವಾಲ್ವು ನೋಡಿಕೊಳ್ಳುವುದು. ಪೆಕ್ಟಿನ್ ಎಂದರೆ ಕಿತ್ತಳೆ ಸಿಪ್ಪೆಯಿಂದ ತೆಗೆಯುವ ಪುಡಿ. ಜಾಮು ಗಟ್ಟಿಯಾಗುವುದು ಅದರಿಂದಲೇ. ಇಪ್ಪತ್ತೆರಡು ವರ್ಷ ಅವನು ಸಿಪ್ಪೆಯನ್ನು ಆಮ್ಲದಲ್ಲಿ ಕುದಿಸಿದ. ತೊಟ್ಟಿಯ ಗುಳುಗುಳು ಸದ್ದು ತುಸು ತಗ್ಗಿದರೆ ಸಾಕು, ಕೈ ತಾನಾಗಿಯೇ ವಾಲ್ವಿನ ಚಕ್ರವನ್ನು ಕಾಲು ಸುತ್ತು ತಿರುಗಿಸುತ್ತಿತ್ತು. ಎಲ್ಲರ ಬಾಯಲ್ಲೂ ಅವನು ಉಗಿಯಣ್ಣ.

ಆಮ್ಲದ ಆವಿಗೆ ಅವನ ಮುಂದಿನ ಹಲ್ಲುಗಳ ಹೊಳಪು ಹೋಗಿತ್ತು. ಆಮ್ಲದ ನೀರು ಹರಿಯುವ ಹಿಂದಿನ ಕಾಲುವೆಯಲ್ಲಿ ಕಪ್ಪೆ ಕೂಗಿದ್ದನ್ನು ಕೇಳಿದವರಿರಲಿಲ್ಲ. ಹಾಗಿರುವಾಗ ಪ್ರಯೋಗಾಲಯಕ್ಕೆ ಹೊಸ ಮೇಡಂ ಬಂದರು. ಆಮ್ಲವೂ ಬೇಡ, ಕುದಿಸುವುದೂ ಬೇಡ, ಕಿಣ್ವ ಹಾಕಿ ಐವತ್ತು ಡಿಗ್ರಿಯಲ್ಲಿ ಎಂಟು ಗಂಟೆ ಬಿಟ್ಟರೆ ಸಾಕು ಎಂದರು. ಮಾಲೀಕರು ಪರೀಕ್ಷೆಗೆಂದು ಮೂರು ತೊಟ್ಟಿ ಸಿಪ್ಪೆ ಕೊಟ್ಟರು. ಮೂರರಲ್ಲಿ ಒಂದೂ ಸರಿಬರದಿದ್ದರೆ ಮತ್ತೆ ಆಮ್ಲವೇ.

"ಕಿಣ್ವ ಅಂದ್ರೆ ಹುಳಾನಾ ಮೇಡಂ?" ಎಂದು ಉಗಿಯಣ್ಣ ಕೇಳಿದ.

"ಹುಳ ಅಲ್ಲ. ಜೀವಿಗಳ ಒಳಗಿರೋ ಕೆಲಸಗಾರ ಅನ್ಕೊಳ್ಳಿ. ಹದವಾದ ಬಿಸಿಯಲ್ಲಿ ದುಡಿಯುತ್ತೆ, ಜಾಸ್ತಿ ಆದ್ರೆ ಕೆಟ್ಟುಹೋಗುತ್ತೆ."

"ನಾನೇನು ಮಾಡ್ಬೇಕು?"

"ಏನೂ ಮಾಡ್ಬೇಡಿ. ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬರೆದಿಡಿ, ಅಷ್ಟೇ."

ಅವನ ಪಾಲಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ತೊಟ್ಟಿ ಸದ್ದು ಮಾಡದು, ಆವಿ ಏಳದು. ಕುಳಿತ, ಎದ್ದ, ಗುಡಿಸಿದ್ದನ್ನೇ ಮತ್ತೆ ಗುಡಿಸಿದ. ಐವತ್ತು, ಐವತ್ತೊಂದು, ಐವತ್ತು ಎಂದು ಬರೆದ. ಸಂಜೆ ಶೋಧಿಸಿ ನೋಡಿದರೆ ಬರೀ ತೆಳು ನೀರು. ಎರಡನೆಯ ತೊಟ್ಟಿಯದೂ ಅದೇ ಗತಿ. "ಬೇಯಿಸದೆ ರಸ ಬಿಡೋಕೆ ಸಿಪ್ಪೆಗೇನು ಹುಚ್ಚಾ?" ಎಂದು ಮೇಸ್ತ್ರಿ ನಕ್ಕ.

ಅಂದು ಮನೆಯಲ್ಲಿ ಉಗಿಯಣ್ಣ ಒಲೆಯ ಮುಂದೆ ನಿಂತು ಇದನ್ನೇ ಹೇಳುತ್ತಿದ್ದ.

"ರೀ, ಒಲೆ ಬಿಡಿ. ಸಣ್ಣ ಉರಿ ಇಟ್ಟಿದ್ದೆ, ದೊಡ್ಡದು ಮಾಡ್ಬಿಟ್ರಲ್ಲ" ಎಂದಳು ಹೆಂಡತಿ.

"ನಾನೆಲ್ಲೇ ಮುಟ್ಟಿದೆ?"

"ಕೈ ಎಲ್ಲಿದೆ, ನೋಡ್ಕೊಳ್ಳಿ."

ಬೆರಳು ಒಲೆಯ ನಾಬಿನ ಮೇಲಿತ್ತು. ಅವನಿಗೆ ತೊಟ್ಟಿಯ ವಾಲ್ವು ನೆನಪಾಯಿತು. ಥರ್ಮಾಮೀಟರ್ ಇರುವುದು ತೊಟ್ಟಿಯ ಮೇಲ್ಭಾಗದಲ್ಲಿ. ಉಗಿ ತಟ್ಟುವುದು ಬುಡಕ್ಕೆ; ಅಲ್ಲಿ ಕಿಣ್ವ ಬೆಂದು ಕೆಟ್ಟರೂ ಮೇಲೆ ಐವತ್ತೇ. ಅರಿವಿಲ್ಲದೆ ಕೈ ಚಕ್ರವನ್ನು ಎಷ್ಟು ಸಲ ತಿರುಗಿಸಿತ್ತೋ, ಎಷ್ಟು ಸಲ ಮತ್ತೆ ಮುಚ್ಚಿತ್ತೋ.

"ಯಾರಿಗೂ ಹೇಳ್ಬೇಡಿ" ಎಂದಳು ಹೆಂಡತಿ, ಎಲ್ಲವನ್ನೂ ಕೇಳಿದ ಮೇಲೆ. "ಹೊಸ ಪದ್ಧತಿ ಬಂದ್ರೆ ಉಗಿಯವನು ಯಾರಿಗೆ ಬೇಕು? ಕೆಲಸ ಉಳಿಸ್ಕೊಳ್ಳೋಕೆ ಬೇಕಂತ್ಲೇ ಕೆಡಿಸಿದ ಅಂತಾರೆ. ಮೂರನೇದಕ್ಕೆ ಹುಷಾರಾಗಿದ್ರೆ ಆಯ್ತು."

ಹುಷಾರಾಗಿ ಅವನಿರಬಹುದು, ಕೈ ಇರಬೇಕಲ್ಲ. ಬೆಳಿಗ್ಗೆ ಮೇಡಂ ಬರುವ ಮೊದಲೇ ಪ್ರಯೋಗಾಲಯದ ಬಾಗಿಲಲ್ಲಿ ಶತಪಥ ಹಾಕುತ್ತಿದ್ದ. ನಡೆದುದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ನೋಡಿದ್ರಾ?" ಎಂದ ಅಲ್ಲೇ ನಿಂತಿದ್ದ ಮೇಸ್ತ್ರಿ. "ಮಾಡೋದು ಇವನು, ತಪ್ಪು ಕೈದಂತೆ."

ಮೇಡಂ ಉಗಿಯಣ್ಣನನ್ನೇ ನೋಡುತ್ತಿದ್ದರು. "ಇವತ್ತು ಮೂರನೇ ತೊಟ್ಟಿ. ನಿಮ್ಮನ್ನ ಹೊರಗೆ ಕಳಿಸ್ಲಾ?"

"ನನ್ನನ್ನ ಬೇಡ. ಚಕ್ರವನ್ನ ಕಳಿಸಿ."

ತೊಟ್ಟಿ ಐವತ್ತು ಡಿಗ್ರಿಗೆ ಬಂದೊಡನೆ ವಾಲ್ವು ಮುಚ್ಚಿ, ಸ್ಪ್ಯಾನರಿನಿಂದ ಅದರ ಚಕ್ರವನ್ನು ಬಿಚ್ಚಿ ಮೇಡಂ ಕೈಗಿತ್ತ. ಆಮೇಲೆ ತೊಟ್ಟಿಯನ್ನು ಸುತ್ತತೊಡಗಿದ. ಪ್ರತಿ ಸುತ್ತಿಗೂ ಬಾಗಿ ಬುಡಕ್ಕೆ ಅಂಗೈ ಇಡುವನು. ಚಕ್ರವಿಲ್ಲದ ವಾಲ್ವಿನ ಬಳಿ ಬಂದಾಗ ಬೆರಳುಗಳು ಮಡಚಿಕೊಳ್ಳುವುವು. ಮೇಡಂ ಸ್ಟೂಲಿನ ಮೇಲೆ ಕುಳಿತೇ ಇದ್ದರು. ಊಟಕ್ಕೂ ಇಬ್ಬರೂ ಏಳಲಿಲ್ಲ.

ಸಂಜೆ ಶೋಧಿಸಿ ಬಂದ ರಸ ಪೆಕ್ಟಿನ್ ತುಂಬಿ ಅಂಟಂಟಾಗಿತ್ತು, ಸೌಟಿನಿಂದ ಎಳೆಎಳೆಯಾಗಿ ಇಳಿಯಿತು. ಮೇಸ್ತ್ರಿ ಇನ್ನೊಂದು ಸೌಟು ತೆಗೆದು ನೋಡಿದ. ಅದೂ ಹಾಗೆಯೇ.

ಈಗ ಅಲ್ಲಿ ಆರು ತೊಟ್ಟಿಗಳಿವೆ, ಬುಡಕ್ಕೂ ಒಂದೊಂದು ಥರ್ಮಾಮೀಟರ್ ಬಂದಿದೆ. ಅದನ್ನು ಎಲ್ಲಿ ಕೂರಿಸಬೇಕೆಂದು ಅಂಗೈಯಿಟ್ಟು ತೋರಿಸಿದವನು ಉಗಿಯಣ್ಣನೇ. ಆರನ್ನೂ ಸುತ್ತಿ ನೋಡಿಕೊಳ್ಳುವವನೂ ಅವನೇ. ಒಂದು ದಿನ ತಡೆಯಲಾರದೆ ಕೇಳಿದನಂತೆ: "ಮೇಡಂ, ಅವತ್ತು ನನ್ನ ಮಾತು ನಂಬಿದ್ರಾ?"

"ಬೆಳಿಗ್ಗೆ ನಂಬಿರ್ಲಿಲ್ಲ" ಎಂದರಂತೆ ಅವರು. "ಅದಕ್ಕೇ ಕಾವಲು ಕೂತಿದ್ದೆ. ನೀವು ಹಾಕಿದ ಸುತ್ತು ಎಣಿಸ್ತಾ ಎಣಿಸ್ತಾ ಮುನ್ನೂರಕ್ಕೆ ನನಗೇ ಸುಸ್ತಾಯ್ತು. ಅಷ್ಟು ನಾಟಕ ಯಾರ ಕೈಲೂ ಆಗಲ್ಲ, ಉಗಿಯಣ್ಣ."